ಪದ ಬೇಕು: ತಗಾಲೊಗ್‌ನ 'ವಾಯ್ಸ್' ಕನ್ನಡದಲ್ಲಿ ಏನಾಗಬೇಕು?

ಬಳಗಕ್ಕೆ ನಮಸ್ಕಾರ. ಪದವಿ ತರಗತಿಯ ಭಾಷಾವಿಜ್ಞಾನದ ಪಾಠವೊಂದನ್ನು ಅನುವಾದಿಸುತ್ತಿದ್ದೇನೆ, ನಾಳೆ ಅಚ್ಚಿಗೆ ಹೋಗಬೇಕು. ಫಿಲಿಪ್ಪೀನ್ಸಿನ ತಗಾಲೊಗ್‌ನಲ್ಲಿ ಕ್ರಿಯಾಪದ ವಾಕ್ಯದ ಮೊದಲಿಗೆ ಬರುತ್ತದೆ. 'ಬಿಲಿ' (ಕೊಳ್ಳು) ಧಾತುವಿಗೆ ಬುಮಿಲಿ, ಬಿನಿಲಿ, ಬಿನಿಲ್ಹಾನ್, ಇಬಿನಿಲಿ ಎಂದು ನಾಲ್ಕು ರೂಪ. ಕೊಂಡವನು, ಕೊಂಡ ವಸ್ತು, ಕೊಂಡ ಜಾಗ, ಯಾರಿಗಾಗಿ ಕೊಂಡದ್ದೋ ಅವರು: ಇವುಗಳಲ್ಲಿ ಒಂದಕ್ಕೆ 'ಆಂಗ್' ಎಂಬ ಗುರುತು ಸಿಗುತ್ತದೆ. ಆ ಒಂದು ಯಾವುದೆಂದು ಕ್ರಿಯಾರೂಪವೇ ಹೇಳುತ್ತದೆ. ಇಂಗ್ಲಿಷಿನ ವ್ಯಾಕರಣದಲ್ಲಿ 'ವಾಯ್ಸ್' ಎನ್ನುವ ಈ ವ್ಯವಸ್ಥೆಗೆ 'ಪ್ರಯೋಗ' ಎನ್ನಲೇ? 'ಬಿನಿಲಿ'ಯನ್ನು ಕರ್ಮಣಿ ಎಂದರೆ ಉದಾಹರಣೆಯೆಲ್ಲ 'ಗಂಡಸಿನಿಂದ ಮೀನು ಕೊಳ್ಳಲ್ಪಟ್ಟಿತು' ಎಂದಾಗುತ್ತಿದೆ.

ಮರು:
'ಒತ್ತು' ಅನ್ನಿ, ಸಾಕು. ಇಂಗ್ಲಿಷಿನಲ್ಲೂ ಇದನ್ನು ಬಹುಕಾಲ 'ಫೋಕಸ್' ಎಂದೇ ಕರೆದರು. ಕೊಳ್ಳಲ್ಪಟ್ಟಿತು ಎಂದು ಯಾವ ಮನೆಯಲ್ಲಿ ಮಾತಾಡುತ್ತಾರೆ? ಕನ್ನಡಕ್ಕೆ ಒಗ್ಗದ ಕರ್ಮಣಿಯನ್ನು ಫಿಲಿಪ್ಪೀನ್ಸಿನವರ ತಲೆಗೂ ಕಟ್ಟುವುದು ಬೇಡ.

ಮರು: ಮರು:
'ಒತ್ತು' ತಪ್ಪು. 'ಆಂಗ್' ಹಚ್ಚಿದ ನಾಮಪದ ಸಾಮಾನ್ಯವಾಗಿ ಕೇಳುಗನಿಗೆ ಆಗಲೇ ಗೊತ್ತಿರುವ ವಸ್ತು. ಅದರ ಮೇಲೆ ಒತ್ತು ಬೀಳಬೇಕೆಂದೇನೂ ಇಲ್ಲ.

ಕೇಳಿದವರು ಎಡವುತ್ತಿರುವುದು ಪದದಲ್ಲಲ್ಲ, '-ಅಲ್ಪಡು'ವಿನಲ್ಲಿ. 'ಬುಮಿಲಿ ನಾಂಗ್ ಇಸ್ದಾ ಆಂಗ್ ಲಲಾಕಿ' ('ಇಸ್ದಾ' ಮೀನು, 'ಲಲಾಕಿ' ಗಂಡಸು, 'ಆಂಗ್' ಸಿಗದ ನಾಮಪದಕ್ಕೆ 'ನಾಂಗ್') ಎಂದರೆ ಆ ಗಂಡಸು ಮೀನು ಕೊಂಡ. 'ಬಿನಿಲಿ ನಾಂಗ್ ಲಲಾಕಿ ಆಂಗ್ ಇಸ್ದಾ' ಎಂದರೆ ಆ ಮೀನನ್ನು ಗಂಡಸು ಕೊಂಡ. 'ಮೀನು ಕೊಂಡ', 'ಮೀನನ್ನು ಕೊಂಡ' ಇವೆರಡರ ನಡುವೆ ನಮಗೆ ಕೇಳಿಸುವ ವ್ಯತ್ಯಾಸವೇ ಹೆಚ್ಚುಕಡಿಮೆ ಅಲ್ಲಿನದೂ. ಎರಡನೆಯ ವಾಕ್ಯದಲ್ಲಿ ಕೊಂಡವನು 'ಇಂದ' ಹಚ್ಚಿಕೊಂಡು ಮೂಲೆಗೆ ಸರಿಯುವುದಿಲ್ಲ. ಅಲ್ಲಿ ಆ ವಾಕ್ಯ ದಿನನಿತ್ಯದ ಮಾತು.

ವಿದ್ಯಾರ್ಥಿಗೆ ತಿಳಿಯಬೇಕಾದರೆ ಕೃದಂತದಿಂದ ಹೊರಡಿ. ಕೊಂಡ ಗಂಡಸು, ಕೊಂಡ ಮೀನು, ಕೊಂಡ ಅಂಗಡಿ: ಮೂರಕ್ಕೂ ನಮಗೆ 'ಕೊಂಡ' ಒಂದೇ ಸಾಕು, ಉಳಿದದ್ದನ್ನು ಅರ್ಥದಿಂದ ಊಹಿಸುತ್ತೇವೆ. ತಗಾಲೊಗ್‌ನಲ್ಲಿ ಮೂರಕ್ಕೂ ಬೇರೆ ಬೇರೆ ರೂಪ ಬೇಕು. ಮಡಗಾಸ್ಕರಿನ ಮಲಗಾಸಿಯಲ್ಲೂ ಹಾಗೇ. ಅಲ್ಲಿ ಕ್ರಿಯಾಪದ ಮೊದಲು, ಕರ್ತೃಪದ ಕಟ್ಟಕಡೆಗೆ: 'ಮನಾಸ ಲಂಬ ನಿ ವೆಹಿವಾವಿ', ಅಂದರೆ ಒಗೆಯುತ್ತಾಳೆ, ಬಟ್ಟೆ, ಹೆಂಗಸು. ಕ್ರಿಯಾರೂಪ ಬದಲಾಯಿಸಿದರೆ ಆ ಕೊನೆಯ ಜಾಗಕ್ಕೆ ಸಾಬೂನು ('ಸವುನಿ') ಬಂದು ಕೂರುತ್ತದೆ. 'ಹೆಂಗಸು ಬಟ್ಟೆ ಒಗೆದ ಸಾಬೂನು' ಎನ್ನಬೇಕಾದರೆ ಮೊದಲು ಸಾಬೂನಿಗೆ ಆ ಜಾಗ ಸಿಗಬೇಕು. ಭಾಷಾವಿಜ್ಞಾನಿ ಎಡ್ವರ್ಡ್ ಕೀನನ್ 1970ರ ದಶಕದಲ್ಲಿ ತೋರಿಸಿಕೊಟ್ಟದ್ದು ಇದನ್ನೇ.

ಇಷ್ಟೆಲ್ಲವನ್ನೂ ಹಿಡಿಯುವ ಪಾತ್ರೆ ನಮ್ಮಲ್ಲಿ ಇದೆ. ಪಾಣಿನಿಯ ಅಷ್ಟಾಧ್ಯಾಯಿಯ 'ಅನಭಿಹಿತೇ' ಸೂತ್ರ (2.3.1) ನೋಡಿ. ಕ್ರಿಯಾಪದ ಯಾವ ಕಾರಕವನ್ನು (ಮಾಡಿದವನು, ವಸ್ತು, ಜಾಗ ಹೀಗೆ ಕ್ರಿಯೆಯಲ್ಲಿ ಪಾಲುಳ್ಳದ್ದನ್ನು) ತಾನೇ ಹೇಳಿಬಿಟ್ಟಿದೆಯೋ ಅದಕ್ಕೆ ಬರಿಯ ಪ್ರಥಮೆ, ಹೇಳದೆ ಉಳಿದದ್ದಕ್ಕೆ ಬೇರೆ ವಿಭಕ್ತಿ. 'ಆಂಗ್' ಅಂದರೆ ಅಭಿಹಿತ (ಹೀಗೆ ಹೇಳಿಬಿಟ್ಟ) ಕಾರಕದ ಗುರುತು. ಸಂಸ್ಕೃತದ ಆಖ್ಯಾತ (ಪೂರ್ಣ ಕ್ರಿಯಾಪದ) ಕರ್ತೃ, ಕರ್ಮ, ಭಾವ (ಬರಿಯ ಕ್ರಿಯೆ) ಇಷ್ಟಕ್ಕೆ ನಿಲ್ಲುತ್ತದೆ. ಕರಣ (ಸಾಧನ), ಅಧಿಕರಣ (ಜಾಗ) ಹೇಳಲು ಧಾತುವಿನಿಂದ ನಾಮಪದ ಕಟ್ಟುವ ಕೃತ್ ಪ್ರತ್ಯಯ ಬೇಕು: ಕೂರುವ ಜಾಗ 'ಆಸನ', ಮಲಗುವ ಜಾಗ 'ಶಯನ'. ತಗಾಲೊಗ್‌ನ ಈ ಪ್ರತ್ಯಯಗಳೂ ಮೂಲದಲ್ಲಿ ನಾಮಪದ ಕಟ್ಟುತ್ತಿದ್ದಂಥವು ಎಂದು ಭಾಷಾವಿಜ್ಞಾನಿಗಳಾದ ಸ್ಟಾರೊಸ್ಟಾ, ಪಾಲಿ, ರೀಡ್ 1982ರಲ್ಲಿ ವಾದಿಸಿದರು. ಆದ್ದರಿಂದ ಕರ್ತರಿ, ಕರ್ಮಣಿ, ಅಧಿಕರಣೇ, ಸಂಪ್ರದಾನೇ (ಯಾರಿಗಾಗಿ ಎಂಬುದನ್ನು ಹೇಳುವ) ಪ್ರಯೋಗ ಎನ್ನಿ, ಧೈರ್ಯವಾಗಿ.

ಮರು: ಮರು: ಮರು:
ಎಲ್ಲದಕ್ಕೂ ಪಾಣಿನಿ! ಮನಿಲಾದ ಭಾಷೆಗೆ ಕನ್ನಡದಲ್ಲಿ ಹೆಸರಿಡಲು ಅಷ್ಟಾಧ್ಯಾಯಿ ಓದಿಬರಬೇಕೇ? 'ಸಂಪ್ರದಾನೇ ಪ್ರಯೋಗ' ಎಂದರೆ ಯಾವ ಹುಡುಗನಿಗೆ ಅರ್ಥವಾಗುತ್ತದೆ? 'ಕೊಂಡವನ ರೂಪ, ಕೊಂಡುದರ ರೂಪ, ಕೊಂಡೆಡೆಯ ರೂಪ' ಎನ್ನಲು ನಾಲಿಗೆಗೆ ಏನು ಕಷ್ಟ?

ಮರು: ಮರು: ಮರು: ಮರು:
'ಕೊಳ್ಳು' ಇದ್ದಾಗ ಸರಿ. 'ಒಗೆ', 'ಬರೆ', 'ಕೊಡು' ಬಂದಾಗಲೆಲ್ಲ ಹೊಸ ಹೆಸರೇ? ಅದು ಪಾರಿಭಾಷಿಕವಲ್ಲ, ವಿವರಣೆ.

ಎರವಲು ಕಂಡರೆ ಮೈಲಿಗೆ ಎನ್ನುವವರು ಆ ಭಾಷೆಯನ್ನೇ ನೋಡಲಿ. ಅಲ್ಲಿನ ಶಾಲೆಗಳಲ್ಲಿ ಇದಕ್ಕೆ ಹೆಸರು 'ಪೋಕುಸ್'. ಮೇಷ್ಟರಿಗೆ 'ಗುರೊ', ಮುಖಕ್ಕೆ 'ಮುಖಾ', ಎರಡೂ ಸಂಸ್ಕೃತದಿಂದ ಹೋದವು. ಅಂಗಡಿಗೆ 'ತಿಂದಾಹಾನ್': ಸ್ಪ್ಯಾನಿಷಿನ 'ತಿಯೆಂದಾ' ತೆಗೆದುಕೊಂಡು ತಮ್ಮದೇ ಸ್ಥಳವಾಚಿ ಪ್ರತ್ಯಯ ಹಚ್ಚಿಕೊಂಡರು, 'ಬಿನಿಲ್ಹಾನ್'ನಲ್ಲಿರುವ ಅದೇ '-ಆನ್'. ಅಷ್ಟು ಎರವಲು ಪಡೆದೂ ಕ್ರಿಯಾರೂಪದ ವ್ಯವಸ್ಥೆ ಗಟ್ಟಿಯಾಗಿ ಉಳಿದಿದೆ.

ಮರು:
ಕೇಳಿದವಳು ನಾನೇ. 'ಪ್ರಯೋಗ' ಉಳಿಸುತ್ತೇನೆ, '-ಅಲ್ಪಡು' ಎಲ್ಲ ಕಡೆ ತೆಗೆಯುತ್ತೇನೆ. ಮೊದಲ ಸಲ ಬಂದಾಗ 'ಅಧಿಕರಣೇ ಪ್ರಯೋಗ, ಅಂದರೆ ಜಾಗವನ್ನು ಎತ್ತಿ ಹೇಳುವ ರೂಪ' ಎಂದು ಬಿಡಿಸಿ ಬರೆಯುವೆ. 'ಅಭಿಹಿತ' ಬೇಡ, 'ಆಂಗ್ ನಾಮಪದ' ಎಂದೇ ಇರಲಿ. ಮಲಗಾಸಿಯ ಸಾಬೂನಿನ ವಾಕ್ಯವನ್ನು ಪದಶಃ ಕಳಿಸಿದರೆ ಇವತ್ತು ರಾತ್ರಿಯೇ ಸೇರಿಸುತ್ತೇನೆ.