2 ಅಡಿ ಮೇಜು, 80 ಸಾವಿರ ರೂಪಾಯಿ: ಮೊದಲ ಮಾಡ್ಯುಲರ್ ಸಿಂಥ್ ಹೇಗೆ ಕಟ್ಟಲಿ?

ಕೇಳಿದವರು, ಕಾರವಾರದ ಕೋಡಿಬಾಗದಿಂದ

ಎಲ್ಲರಿಗೂ ನಮಸ್ಕಾರ. ಬಾಡಿಗೆ ಕೋಣೆಯಲ್ಲಿದ್ದೇನೆ. ಇರುವುದು 2 ಅಡಿ ಅಗಲದ ಒಂದು ಮೇಜು. ಅದರ ಮೇಲೆ ಹಳೇ ಲ್ಯಾಪ್‌ಟಾಪ್, ಸದ್ದನ್ನು ಲ್ಯಾಪ್‌ಟಾಪಿಗೆ ಒಳಹೊರಗೆ ಮಾಡುವ ಸಣ್ಣ ಆಡಿಯೋ ಇಂಟರ್‌ಫೇಸ್, ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ. ಹಿಂದೂಸ್ತಾನಿ ಗಾಯನ ಕಲಿಯುತ್ತಿದ್ದೇನೆ. ನಿಧಾನಕ್ಕೆ ಬಣ್ಣ ಬದಲಿಸುತ್ತ ಹೋಗುವ ನಾದ, ನಡುನಡುವೆ ಚಂಡೆಯಂಥ ಪೆಟ್ಟು, ಇಷ್ಟು ಬೇಕು. ಅದಕ್ಕೆ ಮಾಡ್ಯುಲರ್ ಸಿಂಥ್, ಅಂದರೆ ಬಿಡಿ ಬಿಡಿ ಘಟಕಗಳನ್ನು (ಮಾಡ್ಯೂಲ್) ಒಂದು ಪೆಟ್ಟಿಗೆಯಲ್ಲಿ (ಕೇಸ್) ಕೂರಿಸಿ ಕೇಬಲಿನಿಂದ ಜೋಡಿಸುವ ಎಲೆಕ್ಟ್ರಾನಿಕ್ ವಾದ್ಯ, ಕಟ್ಟಬೇಕೆಂದು 80 ಸಾವಿರ ರೂಪಾಯಿ ತೆಗೆದಿಟ್ಟಿದ್ದೇನೆ. ಕೇಸ್ ಎಷ್ಟು ದೊಡ್ಡದಿರಲಿ, ಯಾವ ಮಾಡ್ಯೂಲ್ ಮೊದಲು, ನಮ್ಮ ರಾಗಗಳಿಗೆ ಇದು ಒಗ್ಗುತ್ತದೆಯೇ? ಬಳಸಿದವರು ದಯವಿಟ್ಟು ಅನುಭವ ಹೇಳಿ.

ಕುಮಟೆಯಿಂದ

ಮೊದಲು ಜಾಗದ ಲೆಕ್ಕ ಮುಗಿಸೋಣ. ಯೂರೋರ್ಯಾಕ್ ಅಳತೆಯಲ್ಲೇ ಹೋಗಿ. 1990ರ ದಶಕದ ನಡುವಿನಲ್ಲಿ ಜರ್ಮನಿಯ ಡೋಪ್‌ಫರ್ ಕಂಪನಿ ತನ್ನ ಎ-100 ಮಾಡ್ಯುಲರ್ ಸಿಂಥ್ ಜೊತೆ ತಂದ ಅಳತೆ ಇದು. ಈಗ ನೂರಾರು ತಯಾರಕರು ಇದನ್ನೇ ಪಾಲಿಸುವುದರಿಂದ ಯಾರ ಮಾಡ್ಯೂಲನ್ನು ಯಾರದರ ಪಕ್ಕ ಕೂರಿಸಿದರೂ ನಡೆಯುತ್ತದೆ. ಮುಖಫಲಕದ ಎತ್ತರ 128.5 ಮಿ.ಮೀ. ಅಗಲವನ್ನು ಎಚ್‌ಪಿಯಲ್ಲಿ ಎಣಿಸುತ್ತಾರೆ, 1 ಎಚ್‌ಪಿ ಅಂದರೆ 5.08 ಮಿ.ಮೀ. 84 ಎಚ್‌ಪಿಯ ಒಂದು ಸಾಲು ಹೆಚ್ಚುಕಡಿಮೆ 43 ಸೆಂ.ಮೀ. ಆಗುತ್ತದೆ. ನಿಮ್ಮ ಮೇಜು 61 ಸೆಂ.ಮೀ. ಹಾಗಾಗಿ ಒಂದೇ ಸಾಲು ಸಾಕು, ಪಕ್ಕದಲ್ಲಿ ಶ್ರುತಿಪೆಟ್ಟಿಗೆಗೂ ಜಾಗ ಉಳಿಯುತ್ತದೆ. ಲ್ಯಾಪ್‌ಟಾಪನ್ನು ಹಿಂದೆ ಒಂದು ಹಲಗೆ ಮೇಲೆ ಎತ್ತರಿಸಿ ಇಡಿ.

ಇನ್ನು ದುಡ್ಡು. ಮೂರನೇ ಒಂದು ಪಾಲು ಸದ್ದೇ ಮಾಡದ ಸಾಮಾನಿಗೆ ಹೋಗುತ್ತದೆ: ಕೇಸ್, ಪವರ್ ಸಪ್ಲೈ, ಮಾಡ್ಯೂಲಿಂದ ಮಾಡ್ಯೂಲಿಗೆ ಜೋಡಿಸುವ ಪ್ಯಾಚ್ ಕೇಬಲ್. ಇಲ್ಲಿ ಕೈ ಬಿಗಿ ಹಿಡಿಯಬೇಡಿ. ಮಾಡ್ಯೂಲ್ ಹೊರದೇಶದಿಂದ ಬರುವಂಥದ್ದಾದರೆ ಕೊರಿಯರ್, ಸುಂಕ, ತೆರಿಗೆ ಎಲ್ಲ ಕೂಡಿಸಿಯೇ ಬೆಲೆ ಬರೆದುಕೊಳ್ಳಿ. ಹೀಗೆ ನೋಡಿದರೆ ನಿಮ್ಮ ಮೊತ್ತಕ್ಕೆ ನಾಲ್ಕು ಮಾಡ್ಯೂಲ್ ಬರಬಹುದು, ತುಂಬ ಹುಡುಕಿದರೆ ಐದು. ಕೇಸ್ ಅರ್ಧ ಖಾಲಿ ಇರುತ್ತದೆ, ಇರಲಿ. ಖಾಲಿ ಜಾಗಕ್ಕೆ ಬ್ಲ್ಯಾಂಕ್ ಪ್ಯಾನೆಲ್ ಮಾತ್ರ ಹಾಕಿ. ತೆರೆದೇ ಬಿಟ್ಟರೆ ಒಂದು ಸ್ಕ್ರೂ ಒಳಗೆ ಬಿದ್ದು ಪವರ್ ಬೋರ್ಡ್ ಮೇಲೆ ಕೂತು ಶಾರ್ಟ್ ಆಗುತ್ತದೆ.

ಆದರೆ ನಾನು ಒತ್ತಿ ಹೇಳಬೇಕಾದ ಮಾತು ಬೇರೆ. ಒಂದು ರೂಪಾಯಿಯನ್ನೂ ಬಿಚ್ಚುವ ಮೊದಲು ಲ್ಯಾಪ್‌ಟಾಪಿನಲ್ಲಿ ವಿಸಿವಿ ರ್ಯಾಕ್ ಹಾಕಿಕೊಳ್ಳಿ, ಮಾಡ್ಯುಲರ್ ಸಿಂಥನ್ನು ಪರದೆಯ ಮೇಲೇ ಕಟ್ಟುವ ತಂತ್ರಾಂಶ ಅದು. ಉಚಿತ. ಅದರಲ್ಲೂ ಮಾಡ್ಯೂಲುಗಳ ಅಗಲ ಎಚ್‌ಪಿಯಲ್ಲೇ ಇದೆ. ನಿಮಗೆ ನೀವೇ ಒಂದು ಕಟ್ಟು ಹಾಕಿಕೊಳ್ಳಿ: ಒಂದೇ ಸಾಲು, 84 ಎಚ್‌ಪಿ ದಾಟುವಂತಿಲ್ಲ, ಒಂದು ಪ್ಯಾಚ್ (ಕೇಬಲ್ ಜೋಡಣೆ) ಕಟ್ಟಿದ ಮೇಲೆ ವಾರವಿಡೀ ಅದರ ಜೊತೆಗೇ ರಿಯಾಜ್. ಈ ಮಳೆಗಾಲ ಪೂರ್ತಿ ಹೀಗೇ ಮಾಡಿ. ಯಾವುದನ್ನು ತೆಗೆದರೆ ಕೈ ಕಟ್ಟಿದಂತಾಗುತ್ತದೋ ಅದನ್ನು ಕೊಳ್ಳಿ, ಉಳಿದದ್ದನ್ನು ಬಿಡಿ. ಮ್ಯೂಟಬಲ್ ಇನ್‌ಸ್ಟ್ರುಮೆಂಟ್ಸ್ ಎಂಬ ಮಾಡ್ಯೂಲ್ ಕಂಪನಿಯ ಎಮಿಲಿ ಜಿಲೆ ತಮ್ಮ ವಿನ್ಯಾಸಗಳನ್ನು ಮುಕ್ತವಾಗಿ ಬಿಟ್ಟುಕೊಟ್ಟ ಕಾರಣ ಅವು ಈ ತಂತ್ರಾಂಶದಲ್ಲೂ ಸಿಗುತ್ತವೆ. ಅವರ ಪ್ಲೇಟ್ಸ್ ಎಂಬ 12 ಎಚ್‌ಪಿ ಆಸಿಲೇಟರಿನಲ್ಲಿ (ನಾದ ಹುಟ್ಟಿಸುವ ಮಾಡ್ಯೂಲ್) ತಂತಿ ಮೀಟಿದ ನಾದವೂ ಇದೆ, ಡ್ರಮ್ಮಿನ ಪೆಟ್ಟೂ ಇದೆ. ನಾದ ಹುಟ್ಟಿ ಕುಗ್ಗುವ ವ್ಯವಸ್ಥೆ ಅದರೊಳಗೇ ಇರುವುದರಿಂದ ಬೇರೆ ಎನ್ವಲಪ್ ಇಲ್ಲದೆಯೂ ನುಡಿಯುತ್ತದೆ. ಆ ಕಂಪನಿ ಮುಚ್ಚಿದೆ, ಆದರೆ ಅದೇ ವಿನ್ಯಾಸವನ್ನು ಬೇರೆಯವರು ಇನ್ನೂ ಕಿರಿದಾಗಿ ಮಾಡಿ ಮಾರುತ್ತಾರೆ. ಚಂಡೆಯಂಥ ಪೆಟ್ಟಿನ ಹುಡುಕಾಟ ಇಲ್ಲಿಂದಲೇ ಶುರುವಾಗಲಿ.

ಹೊಸಬರು ಆಸಿಲೇಟರ್ ಮೇಲೆ ಆಸಿಲೇಟರ್ ತರಿಸುವುದನ್ನು ನೋಡಿದ್ದೇನೆ. ನಿಮಗೆ ಬೇಕಾದ್ದು ಬಣ್ಣ ಬದಲಿಸುವ ನಾದ. ಅದನ್ನು ಕೊಡುವುದು ವಿಸಿಎ (ವೋಲ್ಟೇಜಿಗೆ ತಕ್ಕಂತೆ ಸಿಗ್ನಲಿನ ಬಲ ಬದಲಿಸುವುದು), ನಿಧಾನ ಎಲ್‌ಎಫ್‌ಓ (ಮೆಲ್ಲಗೆ ಏರಿಳಿಯುತ್ತಲೇ ಇರುವ ವೋಲ್ಟೇಜ್ ಕೊಡುವುದು), ಎನ್ವಲಪ್. ವೋಲ್ಟೇಜ್ ಮೆಲ್ಲಗೆ ಏರಿ ಇಳಿದು, ನಾದವನ್ನು ಸೋಸುವ ಫಿಲ್ಟರಿನ ಬಾಯಿ ತೆರೆದು ಮುಚ್ಚಿ, ಆ ವೋಲ್ಟೇಜಿನ ಬಲವನ್ನೇ ಇನ್ನೊಂದು ವೋಲ್ಟೇಜ್ ವಿಸಿಎ ಮೂಲಕ ಹೆಚ್ಚುಕಡಿಮೆ ಮಾಡಿದರೆ ಒಂದೇ ಆಸಿಲೇಟರ್ ಅರ್ಧ ಗಂಟೆ ಬೇಸರವಿಲ್ಲದೆ ಕೇಳಿಸಿಕೊಳ್ಳುತ್ತದೆ. ನನ್ನ ಕೇಸಿನಲ್ಲಿ ನಾಲ್ಕು ವಿಸಿಎಗಳ ಮಾಡ್ಯೂಲಿನಷ್ಟು ದುಡಿಯುವುದು ಇನ್ನೊಂದಿಲ್ಲ. ಮೇಕ್ ನಾಯ್ಸ್ ಕಂಪನಿಯವರ ಮ್ಯಾತ್ಸ್ ಎಂಬ ಮಾಡ್ಯೂಲ್ 20 ಎಚ್‌ಪಿ ತಿನ್ನುತ್ತದೆ, ಆದರೂ ಎನ್ವಲಪ್, ಎಲ್‌ಎಫ್‌ಓ, ಮಿಕ್ಸರ್ ಎಲ್ಲ ಅದೇ ಆಗುವುದರಿಂದ ಸಣ್ಣ ಕೇಸಿಗೆ ಹೇಳಿ ಮಾಡಿಸಿದ್ದು. ಬಾರ್ಸಿಲೋನಾದ ಬೆಫಾಕೊದವರ ರ್ಯಾಂಪೇಜ್ ಕೂಡ ಹತ್ತಿರ ಹತ್ತಿರ ಅದೇ ಕೆಲಸ ಮಾಡುತ್ತದೆ. ಅದು ವಿಸಿವಿಯಲ್ಲಿ ಉಚಿತವಾಗಿ ಇದೆ, ಮೊದಲು ಅಲ್ಲಿ ಕಲಿಯಿರಿ.

ಶಿರಸಿಯಿಂದ

ಕೇಸನ್ನು ಆನ್‌ಲೈನಿನಲ್ಲಿ ತರಿಸಬೇಡಿ ಮಾರಾಯ್ರೆ. ಮಾಡ್ಯೂಲ್ ಕೂರಿಸುವ ಅಲ್ಯೂಮಿನಿಯಂ ರೇಲ್, ನಟ್ಟಿನ ಪಟ್ಟಿ, ಎಂ3 ಸ್ಕ್ರೂ ಇಷ್ಟನ್ನು ತರಿಸಿ, ಪೆಟ್ಟಿಗೆಯನ್ನು ನಿಮ್ಮೂರ ಆಚಾರಿ ಹತ್ತಿರ ಮಾಡಿಸಿ. ನಾನು ಹಲಸಿನ ಹಲಗೆಯಲ್ಲಿ ಮಾಡಿಸಿದ್ದೇನೆ, ನೋಡುವುದಕ್ಕೂ ಚಂದ. ಆಚಾರಿಗೆ ಕೊಡಬೇಕಾದ ಅಳತೆ: ಮೇಲಿನ ಸ್ಕ್ರೂ ಸಾಲಿಗೂ ಕೆಳಗಿನ ಸಾಲಿಗೂ 122.5 ಮಿ.ಮೀ. ಅಂತರ, ಒಳಗಿನ ಅಗಲ ರೇಲಿಗಿಂತ 2 ಮಿ.ಮೀ. ಹೆಚ್ಚು. ಆ 2 ಮಿ.ಮೀ. ಮರೆಯಬೇಡಿ. ಘಟ್ಟದ ಮೇಲಾಗಲಿ ಕೆಳಗಾಗಲಿ, ಆಟಿ ತಿಂಗಳಲ್ಲಿ ಹಲಗೆ ಉಬ್ಬುತ್ತದೆ. ಬೇಸಿಗೆಯಲ್ಲಿ ಬಿಗಿಯಾಗಿ ಕೂರಿಸಿದರೆ ಮಳೆಗಾಲದಲ್ಲಿ ರೇಲ್ ಸೊಟ್ಟಗಾಗುತ್ತದೆ. ಆಳ ಕಡಿಮೆಯೆಂದರೆ 7 ಸೆಂ.ಮೀ. ಇರಲಿ, ಪವರ್ ಬೋರ್ಡಿಗೂ ಜಾಗ ಬೇಕಲ್ಲ.

ಪವರ್ ಬಗ್ಗೆ ಮೇಲಿನವರು ಬಿಟ್ಟದ್ದನ್ನು ಹೇಳುತ್ತೇನೆ. ಯೂರೋರ್ಯಾಕಿಗೆ +12, -12 ವೋಲ್ಟ್ ಎರಡೂ ಬೇಕು, ಕೆಲವಕ್ಕೆ +5 ಕೂಡ. ಪ್ರತಿ ಮಾಡ್ಯೂಲ್ ಎಷ್ಟು ಮಿಲಿ ಆಂಪಿಯರ್ ಎಳೆಯುತ್ತದೆ ಎಂದು ತಯಾರಕರು ಬರೆದಿರುತ್ತಾರೆ. ಮೂರಕ್ಕೂ ಬೇರೆ ಬೇರೆ ಕೂಡಿಸಿ, ಮೇಲೆ ಕಾಲುಭಾಗ ಹೆಚ್ಚುವರಿ ಇಟ್ಟು ಸಪ್ಲೈ ಆರಿಸಿ. ಡಿಜಿಟಲ್ ಮಾಡ್ಯೂಲುಗಳ ಹೊರೆ ಹೆಚ್ಚಾಗಿ +12 ಮೇಲೇ ಬೀಳುತ್ತದೆ. ರಿಬ್ಬನ್ ಕೇಬಲಿನ ಕೆಂಪು ಗೆರೆ -12 ಕಡೆಗೆ ಬರಬೇಕು. ಉಲ್ಟಾ ಸಿಕ್ಕಿಸಿ ಸ್ವಿಚ್ ಹಾಕಿದರೆ ಮಾಡ್ಯೂಲ್ ಸುಡಬಹುದು. ಪ್ರತಿ ಸಲ ಟಾರ್ಚ್ ಹಿಡಿದು ನೋಡಿ.

ಬೆಸುಗೆ ಬರುತ್ತದೆಯಾದರೆ ಕಿಟ್ ತಗೊಳ್ಳಿ, ದುಡ್ಡು ಚೆನ್ನಾಗಿ ಉಳಿಯುತ್ತದೆ. ಎರಿಕಾ ಸಿಂಥ್ಸ್ ಮತ್ತು ಮೋರಿಟ್ಜ್ ಕ್ಲೈನ್ ಸೇರಿ ಮಾಡಿದ ಕಿಟ್‌ಗಳ ಕೈಪಿಡಿಯಲ್ಲಿ ಸರ್ಕ್ಯೂಟ್ ಏಕೆ ಹಾಗಿದೆ ಎಂಬುದನ್ನೂ ವಿವರಿಸಿದ್ದಾರೆ. ಬಿಡಿ ಸಾಮಾನು, ಟಿಎಲ್072 ತರಹದ ಐಸಿ ಎಲ್ಲ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುತ್ತವೆ. ಮೊದಲ ಕಿಟ್ಟಿಗೆ ಮಿಕ್ಸರ್ ಅಥವಾ ವಿಸಿಎ ಸರಿ. ಆಸಿಲೇಟರಿಗೆ ಶ್ರುತಿ ಕೂರಿಸುವುದಕ್ಕೆ ತಾಳ್ಮೆ ಬೇಕು, ಅದು ಆಮೇಲೆ.

ಕಾರವಾರದಿಂದಲೇ ಇನ್ನೊಬ್ಬರು

ನೀವು ಸಮುದ್ರದ ಹತ್ತಿರ ಇದ್ದೀರಿ, ಉಪ್ಪು ಗಾಳಿಯನ್ನು ಲೆಕ್ಕಕ್ಕೆ ತಗೊಳ್ಳಿ. ಜ್ಯಾಕುಗಳ ಒಳಗೆ ಕಿಲುಬು ಹಿಡಿದರೆ ಪ್ಯಾಚ್ ಮಾಡಿದಾಗೆಲ್ಲ ಕರಕರ ಸದ್ದು. ಬಳಸದಾಗ ಮುಚ್ಚಳ ಹಾಕಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ ಇಡಿ, ಮಳೆಗಾಲದಲ್ಲಿ ದಿನಕ್ಕೊಮ್ಮೆಯಾದರೂ ಚಾಲೂ ಮಾಡಿ. ಅದರದೇ ಬಿಸಿಗೆ ತೇವ ಆರುತ್ತದೆ. ಗುಡುಗು ಶುರುವಾದರೆ ಸ್ವಿಚ್ ಆರಿಸಿದರೆ ಸಾಲದು. ಅಡಾಪ್ಟರನ್ನೇ ಗೋಡೆಯಿಂದ ಕೀಳಿ, ಲ್ಯಾಪ್‌ಟಾಪಿನ ಯುಎಸ್‌ಬಿ ಕೇಬಲನ್ನೂ ಬಿಡಿಸಿ. ಇನ್ವರ್ಟರ್ ಮೇಲೆ ಓಡಿಸುವಾಗ ಗುಂಯ್ ಅಂದರೆ ಅದು ಪ್ಯೂರ್ ಸೈನ್ ವೇವ್ ಹೌದೋ ಅಲ್ಲವೋ ನೋಡಿ. ಲೈನ್ ಕರೆಂಟಿನಲ್ಲೂ ಗುಂಯ್ ಅಂದರೆ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಪರೀಕ್ಷಿಸಿ, ಅರ್ಥಿಂಗ್ ಸುತ್ತಿ ಬರುವ ಸದ್ದು ಹೆಚ್ಚಾಗಿ ಅಲ್ಲೇ ನಿಲ್ಲುತ್ತದೆ.

ಕುಮಟೆಯವರ ಮಾತಿಗೆ ನನ್ನದೊಂದು ಭಿನ್ನಾಭಿಪ್ರಾಯ. ಮೊದಲ ಸಲಕ್ಕೆ ಸೆಮಿ ಮಾಡ್ಯುಲರ್ ಒಂದೇ ಪೆಟ್ಟಿಗೆ ಉತ್ತಮ. ಬೆಹ್ರಿಂಗರ್ ನ್ಯೂಟ್ರಾನ್ ಅಥವಾ ಮೂಗ್ ಮದರ್-32 ತಗೊಂಡರೆ ಒಳಗೆ ಎಲ್ಲ ಜೋಡಿಸಿಯೇ ಇರುತ್ತದೆ, ಕೇಬಲ್ ಇಲ್ಲದೆಯೂ ನುಡಿಯುತ್ತದೆ. ಮುಂದೆ ಬೇಕಾದರೆ ಹೊರಕವಚ ಕಳಚಿ ಕೇಸಿಗೇ ಕೂರಿಸಬಹುದು. ಮದರ್-32 ಹಿಡಿಯುವುದು 60 ಎಚ್‌ಪಿ. ನಿಮ್ಮ 84ರಲ್ಲಿ ಅಷ್ಟು ಹೋದರೆ ಉಳಿಯುವುದು ಕಡಿಮೆ, ನಿಜ. ಆದರೆ ನಾಳೆಯಿಂದಲೇ ನುಡಿಸಬಹುದಲ್ಲ.

ಹೊನ್ನಾವರದಿಂದ

ರಾಗಕ್ಕೆ ಒಗ್ಗುತ್ತದೆಯೇ ಎಂದು ಕೇಳಿದ್ದೀರಿ. ಒಗ್ಗುತ್ತದೆ ಮಾತ್ರವಲ್ಲ, ಕೀಬೋರ್ಡಿಗಿಂತ ಚೆನ್ನಾಗಿ ಒಗ್ಗುತ್ತದೆ. ಈ ಸಿಂಥಿನಲ್ಲಿ 1 ವೋಲ್ಟ್ ಏರಿಸಿದರೆ ನಾದ ಒಂದು ಸಪ್ತಕ ಏರುತ್ತದೆ. ನಡುವೆ 12 ಮೆಟ್ಟಿಲು ಇರಲೇಬೇಕೆಂಬ ನಿಯಮವಿಲ್ಲ. ಸಮ ಪಾಲಿನ ಲೆಕ್ಕದಲ್ಲಿ ಷಡ್ಜದಿಂದ ಶುದ್ಧ ಗಾಂಧಾರಕ್ಕೆ 0.333 ವೋಲ್ಟ್. ತಂಬೂರಿಯಲ್ಲಿ ತಾನಾಗಿ ಕೇಳಿಬರುವ ಗಾಂಧಾರಕ್ಕೆ ಬೇಕಾದದ್ದು 0.322. ವ್ಯತ್ಯಾಸ 14 ಸೆಂಟ್, ತರಬೇತಾದ ಕಿವಿಗೆ ಚುಚ್ಚುವಷ್ಟು. ಪಂಚಮಕ್ಕೆ 0.583ರ ಬದಲು 0.585, ಅಲ್ಲಿ ವ್ಯತ್ಯಾಸ ತಿಳಿಯುವುದೂ ಇಲ್ಲ. ಸ್ವರವನ್ನು ಸಮಪಾಲಿನ ಮೆಟ್ಟಿಲಿಗೇ ಎಳೆಯುವ ಕ್ವಾಂಟೈಸರ್ ಕೊಳ್ಳಬೇಡಿ, ಸ್ವರಸ್ಥಾನವನ್ನು ನೀವೇ ಹೊಂದಿಸಿಕೊಳ್ಳುವಂಥದ್ದು ಸಿಕ್ಕರೆ ಸರಿ. ನಾನಂತೂ ನಾಬ್ ತಿರುಗಿಸಿ ಕಿವಿಯಿಂದಲೇ ಕೂರಿಸುತ್ತೇನೆ. ಮೀಂಡಿಗೆ ಮ್ಯಾತ್ಸೇ ಸಾಕು, ಸ್ವರದ ವೋಲ್ಟೇಜನ್ನು ಅದರ ಮೂಲಕ ಹಾಯಿಸಿ ಏರಿಳಿತ ನಿಧಾನ ಮಾಡಿದರೆ ಜಾರುತ್ತ ಹೋಗುತ್ತದೆ.

ಇದು ನಮ್ಮ ದೇಶಕ್ಕೆ ಹೊಸತೂ ಅಲ್ಲ. 1969ರಲ್ಲೇ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ಮೂಗ್ ಮಾಡ್ಯುಲರ್ ಬಂದಿತ್ತು. ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಅದನ್ನು ಅಲ್ಲಿ ಅಣಿಗೊಳಿಸಿಕೊಟ್ಟರು. ಗೀತಾ ಸಾರಾಭಾಯಿ, ಎಸ್.ಸಿ. ಶರ್ಮಾ, ಜಿನ್‌ರಾಜ್ ಜೋಶಿಪುರ ಮುಂತಾದವರು ಅದರಲ್ಲಿ ಕೆಲಸ ಮಾಡಿದರು.

ಕೇಳಿದವರು

ಎಲ್ಲರಿಗೂ ತುಂಬ ಉಪಕಾರವಾಯಿತು. ಒಂದು ಕೇಳುವುದಿದೆ. ಶ್ರುತಿಪೆಟ್ಟಿಗೆಯ ನಾದವನ್ನೇ ಮಾಡ್ಯುಲರ್ ಒಳಗೆ ಹಾಯಿಸಿದರೆ ಆಗುತ್ತದೆಯೇ? ಆಗ ಒಂದು ಆಸಿಲೇಟರಿನ ದುಡ್ಡು ಉಳಿಯುತ್ತದಲ್ಲ?

ಕುಮಟೆಯಿಂದ

ಖಂಡಿತ ಆಗುತ್ತದೆ, ನಾನಾಗಿದ್ದರೆ ಅದನ್ನೇ ಮಾಡುತ್ತಿದ್ದೆ. ಆದರೆ ಶ್ರುತಿಪೆಟ್ಟಿಗೆಯಿಂದ ಹೊರಬರುವ ಸಿಗ್ನಲ್ ಸಣ್ಣದು. ಮಾಡ್ಯುಲರ್ ಒಳಗೆ ನಾದ ತುದಿಯಿಂದ ತುದಿಗೆ 10 ವೋಲ್ಟ್ ಆಸುಪಾಸಿನಲ್ಲಿ ಓಡುತ್ತದೆ. ಹಾಗಾಗಿ ಮಟ್ಟ ಎತ್ತಿಕೊಡುವ ಒಂದು ಇನ್‌ಪುಟ್ ಮಾಡ್ಯೂಲ್ ಬೇಕು. ಹೊರಗೆ ಕೊಡುವಾಗ ಮಟ್ಟ ಇಳಿಸಬೇಕು, ಇಲ್ಲದಿದ್ದರೆ ಇಂಟರ್‌ಫೇಸಿನಲ್ಲಿ ಒಡೆದು ಕೇಳುತ್ತದೆ. ಎರಡೂ ಕೆಲಸ ಒಂದರಲ್ಲೇ ಮಾಡುವ ಮಾಡ್ಯೂಲುಗಳಿವೆ, 4ರಿಂದ 8 ಎಚ್‌ಪಿ ಒಳಗೆ ಮುಗಿಯುತ್ತದೆ. ಅಲ್ಲಿಂದ ಫಿಲ್ಟರಿಗೆ, ಫಿಲ್ಟರಿನಿಂದ ವಿಸಿಎಗೆ, ಎರಡನ್ನೂ ಮ್ಯಾತ್ಸ್ ಅಲುಗಿಸಲಿ. ಚಂಡೆಯಂಥ ಪೆಟ್ಟಿನ ಸದ್ದಿಗೆ ಸದ್ಯ ಲ್ಯಾಪ್‌ಟಾಪಿನ ವಿಸಿವಿ ಸಾಕು. ಇಂಟರ್‌ಫೇಸ್ ಡಿಸಿ ಕಪಲ್ಡ್ (ಸ್ಥಿರ ವೋಲ್ಟೇಜನ್ನೂ ಹೊರಬಿಡುವಂಥದ್ದು) ಆಗಿದ್ದರೆ ಅದರಿಂದಲೇ ಕೇಸಿನ ಮಾಡ್ಯೂಲುಗಳಿಗೂ ವೋಲ್ಟೇಜ್ ಕಳಿಸಬಹುದು, ಸ್ವರಗಳ ವೋಲ್ಟೇಜನ್ನು ಸರದಿಯಲ್ಲಿ ಕಳಿಸುವ ಸೀಕ್ವೆನ್ಸರ್ ಬೇರೆ ಬೇಡ. ಎಷ್ಟೋ ಇಂಟರ್‌ಫೇಸುಗಳು ಹಾಗಿರುವುದಿಲ್ಲ. ನಿಮ್ಮದರ ಮಾಡೆಲ್ ಹೆಸರು ಬರೆಯಿರಿ, ನೋಡಿ ಹೇಳುತ್ತೇನೆ.