ಇಂಟರ್‌ನೆಟ್ ಇಲ್ಲದಾಗ ಸ್ಕ್ವಿಡ್ ಕ್ಯಾಶ್‌ನಲ್ಲಿರುವ ಪುಟಗಳೂ ತೆರೆಯುತ್ತಿಲ್ಲ

ಪ್ರಶ್ನೆ:
ನಮ್ಮ ಶಾಲೆಯ ಕಂಪ್ಯೂಟರ್ ಕೊಠಡಿಯ ಯಂತ್ರಗಳೆಲ್ಲ ಸ್ಕ್ವಿಡ್ (ಕೋರಿಕೆಗಳನ್ನು ನಡುವೆ ನಿಂತು ಸಾಗಿಸುವ, ತೆರೆದ ಪುಟಗಳ ಪ್ರತಿಯನ್ನು ಕ್ಯಾಶ್ ಎಂಬ ಸಂಗ್ರಹದಲ್ಲಿ ಉಳಿಸುವ ಪ್ರಾಕ್ಸಿ ತಂತ್ರಾಂಶ) ಇರುವ ಒಂದು ಲಿನಕ್ಸ್ ಸರ್ವರ್ ಮೂಲಕ ಇಂಟರ್‌ನೆಟ್‌ಗೆ ಹೋಗುತ್ತವೆ. ಬ್ರೌಸರ್‌ಗಳಲ್ಲಿ ಪ್ರಾಕ್ಸಿಯನ್ನು ನಮೂದಿಸಿಲ್ಲ. ವೆಬ್ ಸಂಚಾರವನ್ನು ಸರ್ವರೇ ನಡುವೆ ಹಿಡಿದು ಸ್ಕ್ವಿಡ್‌ಗೆ ಒಪ್ಪಿಸುತ್ತದೆ. ಸಂಪರ್ಕ ಇರುವಾಗ ಪಾಠದ ಪುಟಗಳನ್ನು ಒಮ್ಮೆ ತೆರೆದಿಟ್ಟು, ಆಫ್‌ಲೈನ್ ಮೋಡ್ ಆಯ್ಕೆಯನ್ನೂ ಆನ್ ಮಾಡಿದ್ದೇನೆ. ಆದರೂ ಸಂಪರ್ಕ ಹೋದ ಕೂಡಲೇ ಅದೇ ಪುಟಗಳಿಗೆ ‘ಸರ್ವರ್ ಸಿಗಲಿಲ್ಲ’ ಎಂಬ ಸಂದೇಶ ಬರುತ್ತದೆ. ಒಳಗಿನ ಶಾಲಾ ಸರ್ವರ್ ಕೂಡ ಹೆಸರಿನಿಂದ ತೆರೆಯುವುದಿಲ್ಲ, ಐಪಿ ವಿಳಾಸದಿಂದ ಮಾತ್ರ ತೆರೆಯುತ್ತದೆ.

ಉತ್ತರ:
ನಿಮ್ಮ ಕೊನೆಯ ವಾಕ್ಯದಲ್ಲಿಯೇ ಸುಳಿವಿದೆ. ಸಂಪರ್ಕ ತೆಗೆದು, ಒಂದು ಪುಟ ತೆರೆಯಲು ಯತ್ನಿಸುತ್ತ, ಸ್ಕ್ವಿಡ್‌ನ ಆಕ್ಸೆಸ್ ಲಾಗ್ (ಬಂದ ಕೋರಿಕೆಗಳ ದಾಖಲೆ) ನೋಡಿ. ಅದರಲ್ಲಿ ಹೊಸ ಸಾಲು ಮೂಡದಿದ್ದರೆ ಕೋರಿಕೆ ಸ್ಕ್ವಿಡ್‌ವರೆಗೆ ಬಂದೇ ಇಲ್ಲವೆಂದು ತಿಳಿಯಬೇಕು. ನಡುವೆ ಹಿಡಿಯುವ ವ್ಯವಸ್ಥೆಯಲ್ಲಿ ಬ್ರೌಸರ್‌ಗೆ ಪ್ರಾಕ್ಸಿ ಇದೆಯೆಂಬುದೇ ಗೊತ್ತಿರುವುದಿಲ್ಲವಾದ್ದರಿಂದ ಅದು ಮೊದಲು ತಾನೇ ಡಿಎನ್‌ಎಸ್‌ನಿಂದ (ತಾಣದ ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವ ಸೇವೆ) ವಿಳಾಸ ಕೇಳುತ್ತದೆ. ಡಿಎನ್‌ಎಸ್ ಹೊರಗಿದ್ದರೆ ಅಲ್ಲಿಯೇ ಎಲ್ಲವೂ ನಿಲ್ಲುತ್ತದೆ. ಬ್ರೌಸರ್‌ನಲ್ಲಿ ಪ್ರಾಕ್ಸಿಯ ಐಪಿ ವಿಳಾಸವನ್ನೂ 3128 ಪೋರ್ಟನ್ನೂ ನೇರವಾಗಿ ಬರೆದರೆ ಅದು ಹೆಸರನ್ನು ಹುಡುಕದೆ ಸ್ಕ್ವಿಡ್‌ಗೇ ಒಪ್ಪಿಸುತ್ತದೆ.

ಎಲ್ಲ ಹೆಸರುಗಳಿಗೂ ಸರ್ವರ್‌ನ ವಿಳಾಸವನ್ನೇ ಉತ್ತರವಾಗಿ ಕೊಡುವಂತೆ ಡಿಎನ್‌ಎಸ್‌ಮಾಸ್ಕ್ (ಸಣ್ಣ ಜಾಲಗಳಿಗಾಗಿ ಇರುವ ಡಿಎನ್‌ಎಸ್ ತಂತ್ರಾಂಶ) ಹೊಂದಿಸಿ ಎಂದು ಕೆಲವರು ಹೇಳುವುದುಂಟು, ನಾನು ಒಪ್ಪುವುದಿಲ್ಲ. ಸಂಪರ್ಕ ಮರಳಿದ ಮೇಲೂ ಆ ಸುಳ್ಳು ಉತ್ತರ ಯಂತ್ರಗಳ ನೆನಪಿನಲ್ಲಿ ಉಳಿದು ತೊಂದರೆ ಕೊಡಬಹುದು. ಡಿಎನ್‌ಎಸ್‌ಮಾಸ್ಕ್ ಬೇಕಾಗಿರುವುದು ಒಳಗಿನ ಹೆಸರುಗಳಿಗೆ: ಅವನ್ನು ಸರ್ವರ್‌ನ ಹೋಸ್ಟ್ಸ್ ಕಡತದಲ್ಲಿ (ಹೆಸರು ಮತ್ತು ಐಪಿ ವಿಳಾಸಗಳ ಪಟ್ಟಿ) ಬರೆದು, ಡಿಎಚ್‌ಸಿಪಿ (ಯಂತ್ರಗಳಿಗೆ ಜಾಲದ ವಿವರಗಳನ್ನು ತಾನಾಗಿ ಹಂಚುವ ವ್ಯವಸ್ಥೆ) ಮೂಲಕ ಎಲ್ಲ ಯಂತ್ರಗಳಿಗೂ ಈ ಸರ್ವರನ್ನೇ ಡಿಎನ್‌ಎಸ್ ಆಗಿ ಸೂಚಿಸಿ.

ಪ್ರಶ್ನೆ ಕೇಳಿದವರು:
ಲಾಗ್‌ನಲ್ಲಿ ನಿಜವಾಗಿಯೂ ಒಂದು ಸಾಲೂ ಇರಲಿಲ್ಲ. ಪ್ರಾಕ್ಸಿಯನ್ನು ನೇರವಾಗಿ ನಮೂದಿಸಿದ ಮೇಲೆ ಪುಟಗಳು ಬರುತ್ತಿವೆ, ಶಾಲಾ ಸರ್ವರ್ ಹೆಸರಿನಿಂದಲೇ ತೆರೆಯುತ್ತಿದೆ. ಆದರೆ ಒಂದು ತಾಣದ ಮೊದಲ ಪುಟ ಬರಲು ಸುಮಾರು ಅರ್ಧ ನಿಮಿಷ ಬೇಕು. ಅದೇ ತಾಣದ ಮುಂದಿನ ಪುಟಗಳು ತಕ್ಷಣ ಬರುತ್ತವೆ. ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಮತ್ತೆ ಅದೇ ವಿಳಂಬ.

ಉತ್ತರ:
ಈ ಲಯವೇ ಕಾರಣವನ್ನು ಹೇಳುತ್ತಿದೆ. ಡಿಎನ್‌ಎಸ್ ಉತ್ತರಕ್ಕಾಗಿ ಸ್ಕ್ವಿಡ್ ಸಾಮಾನ್ಯವಾಗಿ 30 ಸೆಕೆಂಡು ಕಾಯುತ್ತದೆ, ಸಿಗದಿದ್ದರೆ ಆ ವೈಫಲ್ಯವನ್ನು 1 ನಿಮಿಷ ನೆನಪಿಟ್ಟುಕೊಳ್ಳುತ್ತದೆ. ಕ್ಯಾಶ್‌ನಿಂದ ಪುಟ ಕೊಡಲು ವಿಳಾಸ ಬೇಕಾಗಿಲ್ಲ. ಆದರೆ ಪ್ರವೇಶ ನಿಯಮಗಳಲ್ಲಿ ‘ಡಿಎಸ್‌ಟಿ’ ಬಗೆಯದು, ಅಂದರೆ ಗಮ್ಯದ ಐಪಿಯನ್ನು ಪರೀಕ್ಷಿಸುವಂಥದ್ದು, ಒಂದೇ ಒಂದು ಇದ್ದರೂ ಹೆಸರು ಹುಡುಕಲೇಬೇಕಾಗುತ್ತದೆ. ಅದರ ಬದಲು ತಾಣದ ಹೆಸರನ್ನೇ ಹೋಲಿಸುವ ‘ಡಿಎಸ್‌ಟಿ ಡೊಮೈನ್’ ನಿಯಮ ಬರೆಯಿರಿ. ಮುಂದೆ ಪ್ಯಾಕ್ ಕಡತ (ಯಾವ ತಾಣಕ್ಕೆ ಯಾವ ಪ್ರಾಕ್ಸಿ ಎಂದು ಬ್ರೌಸರ್‌ಗೆ ಹೇಳುವ ಕಡತ) ಬಳಸುವುದಾದರೆ ಅಲ್ಲಿಯೂ ಇದೇ ಎಚ್ಚರಿಕೆ ಬೇಕು, ಏಕೆಂದರೆ ‘ಈಸ್ ಇನ್ ನೆಟ್’ ಎಂಬ ಫಂಕ್ಷನ್‌ಗೆ ಐಪಿ ಬದಲು ತಾಣದ ಹೆಸರನ್ನು ಕೊಟ್ಟರೆ ಬ್ರೌಸರ್ ಡಿಎನ್‌ಎಸ್ ಕೇಳಲು ಹೋಗುತ್ತದೆ.

ಪ್ರಶ್ನೆ ಕೇಳಿದವರು:
ಅಂಥ ಒಂದು ಹಳೆಯ ನಿಯಮ ಇದ್ದೇ ಇತ್ತು. ಬದಲಿಸಿದ ಮೇಲೆ ವಿಳಂಬವಿಲ್ಲ. ಎಚ್‌ಟಿಟಿಪಿಎಸ್ ತಾಣಗಳು ಮಾತ್ರ ಇನ್ನೂ 503 (ಸೇವೆ ಲಭ್ಯವಿಲ್ಲ) ಎಂಬ ದೋಷ ಕೊಡುತ್ತಿವೆ.

ಉತ್ತರ:
ಅವು ಕೊಡುತ್ತಲೇ ಇರುತ್ತವೆ. ಎಚ್‌ಟಿಟಿಪಿಎಸ್ ಪುಟಗಳು ಸ್ಕ್ವಿಡ್ ಒಳಗೆ ಗೂಢಲಿಪಿಯಾಗಿಯೇ ಹಾದುಹೋಗುವುದರಿಂದ ಕ್ಯಾಶ್‌ನಲ್ಲಿ ಉಳಿಯಲು ಏನೂ ಇರುವುದಿಲ್ಲ. ಆಫ್‌ಲೈನ್ ಮೋಡ್ ಕೂಡ ಇದ್ದದ್ದನ್ನು ಮರುಪರಿಶೀಲಿಸದೆ ಕೊಡುತ್ತದೆಯೇ ಹೊರತು ಇಲ್ಲದ್ದನ್ನು ತಂದುಕೊಡುವುದಿಲ್ಲ. ವಿಕಿಪೀಡಿಯದಂಥವು ಬೇಕಿದ್ದರೆ ಕಿವಿಕ್ಸ್ (ಇಂಟರ್‌ನೆಟ್ ಇಲ್ಲದೆ ತಾಣಗಳನ್ನು ಓದಿಸುವ ತಂತ್ರಾಂಶ) ಸ್ಥಾಪಿಸಿ, ತಾಣದ ಪುಟಗಳನ್ನೆಲ್ಲ ಒಟ್ಟಿಗೆ ಹಿಡಿದಿಡುವ ಜಿಮ್ ಕಡತವನ್ನು ಇಳಿಸಿಕೊಂಡು, ಈಗ ಹೆಸರಿನಿಂದ ತೆರೆಯುತ್ತಿರುವ ನಿಮ್ಮ ಶಾಲಾ ಸರ್ವರ್‌ನಿಂದಲೇ ಬಡಿಸಬಹುದು.