ಗಾಂಧಿ ಬಜಾರ್ ಹತ್ತಿರದ ಹಳೇ ಮನೆಯೋ, ಕನಕಪುರ ರಸ್ತೆಯ ಫ್ಲ್ಯಾಟೋ? ಇದ್ದು ನೋಡಿದವರು ಹೇಳಿ

ಹಾಸನದ_ಸೊಸೆ: ನಾವಿಬ್ಬರು, ಅತ್ತೆ (68), ಎರಡನೇ ಕ್ಲಾಸಿನ ಮಗಳು. ಬೆಂಗಳೂರಿನ ಬಸವನಗುಡಿಯಲ್ಲಿ, ಗಾಂಧಿ ಬಜಾರಿನಿಂದ ಐದು ನಿಮಿಷಕ್ಕೆ ಒಂದು ಮನೆ ಸಿಕ್ಕಿದೆ. ಮೊದಲ ಮಹಡಿ, 22 ಮೆಟ್ಟಿಲು, ಬಾಡಿಗೆ 32,000, ಅಡ್ವಾನ್ಸ್ 3 ಲಕ್ಷ, ಕಾರು ನಿಲ್ಲಿಸಲು ಜಾಗ ಇಲ್ಲ. ಅದೇ ಬಾಡಿಗೆಗೆ ಕನಕಪುರ ರಸ್ತೆಯಲ್ಲಿ ಲಿಫ್ಟ್ ಇರುವ ಮೂರು ರೂಮಿನ ಫ್ಲ್ಯಾಟೂ ಇದೆ. ಅತ್ತೆಗೆ ಮಂಡಿ ನೋವು. ಆದರೆ ದೇವಸ್ಥಾನ, ಸಂಗೀತ ಕಚೇರಿ ಅಂದರೆ ಪ್ರಾಣ. ಭಾನುವಾರದೊಳಗೆ ಹೇಳಬೇಕು. ದಯವಿಟ್ಟು ಅನುಭವ ಇದ್ದವರು ತಿಳಿಸಿ.

ಕಹಳೆಬಂಡೆ: ಇದರಲ್ಲಿ ಯೋಚನೆ ಮಾಡೋದೇನಿದೆ ಮೇಡಂ, ಬಸವನಗುಡಿ. 11 ವರ್ಷದಿಂದ ಇಲ್ಲೇ ಬಾಡಿಗೆಗೆ ಇದ್ದೇನೆ. 14,000ಕ್ಕೆ ಬಂದೆ, ಈಗ 29,000. ನಡುವೆ ಎರಡು ಮನೆ ಬದಲಾಯಿಸಿದೆ. ಎರಡು ಸಲವೂ ಪೇಂಟಿಂಗ್ ಅಂತ ಒಂದೊಂದು ತಿಂಗಳ ಬಾಡಿಗೆ ಹಿಡಿದುಕೊಂಡರು. ಒಬ್ಬರಂತೂ ಗೋಡೆಯ ಮೊಳೆ ತೂತು ಎಣಿಸಿದರು. 17 ಇತ್ತು. ಅದರಲ್ಲಿ ಆರು ನಾವು ಬರುವ ಮೊದಲೇ ಇದ್ದವು ಅಂದರೆ ಕೇಳಬೇಕಲ್ಲ.

ಆದರೂ ಬಿಟ್ಟು ಹೋಗಿಲ್ಲ. ಬೆಳಿಗ್ಗೆ ಬ್ಯೂಗಲ್ ರಾಕ್ ಪಾರ್ಕಿನಲ್ಲಿ ಎರಡು ಸುತ್ತು, ದೊಡ್ಡ ಗಣಪತಿಗೆ ಒಂದು ನಮಸ್ಕಾರ, ಬರುವಾಗ ಗಾಂಧಿ ಬಜಾರಿನಲ್ಲಿ ಹೂವು. ಹೂವಿನ ಅಜ್ಜಿ ಮೊಳ ಅಳೆದ ಮೇಲೆ ನಾಲ್ಕು ಬೆರಳು ಜಾಸ್ತಿ ಬಿಟ್ಟು ಕತ್ತರಿಸುತ್ತಾರೆ. ಆ ನಾಲ್ಕು ಬೆರಳು ಸಿಗೋಕೆ ನನಗೆ ಮೂರು ವರ್ಷ ಹಿಡಿಯಿತು. ಬಿಟ್ಟುಕೊಡ್ತೀನಾ? ವಿದ್ಯಾರ್ಥಿ ಭವನಕ್ಕೆ ಶುಕ್ರವಾರ ರಜೆ ಅಂತ ಗೊತ್ತಿಲ್ಲದೆ ಬರುವ ನೆಂಟರನ್ನು ಬಾಗಿಲಿಂದ ವಾಪಸ್ ಕರೆತರುವುದೂ ಒಂದು ಸುಖವೇ.

ಸೈಟ್_ನಂ_47: ಇವರು ಹೂವಿನ ಕಥೆ ಹೇಳಿದರು, ನಾನು ನೀರಿನದು ಹೇಳುತ್ತೇನೆ. 2019ರಲ್ಲಿ ಚಾಮರಾಜಪೇಟೆಯ ಮನೆ ಬಿಟ್ಟು ಕನಕಪುರ ರಸ್ತೆಯಲ್ಲಿ ಫ್ಲ್ಯಾಟ್ ತೆಗೆದುಕೊಂಡೆ. 71 ಲಕ್ಷ, ರಿಜಿಸ್ಟ್ರೇಷನ್ ಬೇರೆ. ಕಾವೇರಿ ನೀರು ಇನ್ನೇನು ಬಂದೇಬಿಡ್ತು ಅಂತ ಬಿಲ್ಡರ್ ಹೇಳಿದ್ದ. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಕೈಕೊಟ್ಟಿತು. 12,000 ಲೀಟರಿನ ಟ್ಯಾಂಕರಿಗೆ ಐದು ಕಿಲೋಮೀಟರ್ ಒಳಗೆ 1,000 ರೂಪಾಯಿ ಅಂತ ಆ ಮಾರ್ಚ್‌ನಲ್ಲಿ ಜಿಲ್ಲಾಡಳಿತ ದರ ಕಟ್ಟಿತ್ತು. ನಮ್ಮ ಗೇಟಿಗೆ ಬಂದವನು ಕೇಳಿದ್ದು 1,800. ಮೇಂಟೆನೆನ್ಸ್ 4,200 ಇದ್ದದ್ದು ಏಪ್ರಿಲ್‌ನಲ್ಲಿ 7,350 ಆಯಿತು. ಈಜುಕೊಳಕ್ಕೆ ಬೀಗ. ಇವತ್ತಿಗೂ ಅದರಲ್ಲಿ ಮಕ್ಕಳು ಸೈಕಲ್ ಹೊಡೆಯುತ್ತಾರೆ.

ನಮ್ಮ ಅಮ್ಮ ರಾಮನವಮಿಗೆ ಕೋಟೆ ಹೈಸ್ಕೂಲಿನ ಮೈದಾನದ ಕಚೇರಿ ತಪ್ಪಿಸಿದವರಲ್ಲ. ಮನೆಯಿಂದ ನಡೆದೇ ಹೋಗುತ್ತಿದ್ದರು, ಮಂಗಳ ಹಾಡುವವರೆಗೂ ಏಳುತ್ತಿರಲಿಲ್ಲ. ಈಗ ತನಿ ಆವರ್ತನ (ಮೃದಂಗದವರು ತಾವೇ ನುಡಿಸುವ ಭಾಗ) ಶುರುವಾಗುತ್ತಿದ್ದ ಹಾಗೇ ಚೀಲ ಹಿಡಿದು ಎದ್ದುಬಿಡುತ್ತಾರೆ. ಮಾರ್ಕೆಟ್ ಸ್ಟೇಷನ್ನಿಂದ ಮೆಟ್ರೊ ಇದೆ, ನಿಜ. 2021ರಿಂದ ನಮ್ಮ ಕಡೆಯ ರೇಷ್ಮೆ ಸಂಸ್ಥೆ ಸ್ಟೇಷನ್ನಿನವರೆಗೂ ಬರುತ್ತದೆ. ಅಲ್ಲಿಂದ ಮನೆಗೆ ಮೂರು ಕಿಲೋಮೀಟರ್. ರಾತ್ರಿ ಹತ್ತಕ್ಕೆ ಆಟೊದವನು 180 ಕೇಳುತ್ತಾನೆ. ಹೋದ ವರ್ಷ ಅಮ್ಮ ಎರಡೇ ಕಚೇರಿಗೆ ಹೋದರು.

ಕಹಳೆಬಂಡೆ: ಅದಕ್ಕೇ ಹೇಳಿದ್ದು. ಊರು ಬಿಟ್ಟು ಹೋದರೆ ಹೀಗೇ.

ಸೈಟ್_ನಂ_47: ಸ್ವಾಮಿ, ನನ್ನ ಹೆಸರಲ್ಲಿ ಖಾತೆ ಇದೆ. ನೀವು 11 ವರ್ಷದಲ್ಲಿ ಕಮ್ಮಿ ಅಂದರೂ 28 ಲಕ್ಷ ಬಾಡಿಗೆ ಕಟ್ಟಿದ್ದೀರಿ. ಕೈಯಲ್ಲಿ ಉಳಿದದ್ದು ನಾಲ್ಕು ಬೆರಳು ಹೂವು.

ಎಂಟನೇ_ಕ್ರಾಸ್: ಇವರ ಜಗಳದ ಮಧ್ಯೆ ಒಂದು ಮಾತು. ಬೆಂಗಳೂರು ಅಂದರೆ ದಕ್ಷಿಣ ಮಾತ್ರವಾ? ನಾನು ಮಲ್ಲೇಶ್ವರದಲ್ಲೇ ಹುಟ್ಟಿದವಳು. ಕಾಡು ಮಲ್ಲೇಶ್ವರನ ಗುಡಿ, ಸಂಪಿಗೆ ರಸ್ತೆ, ಗೌರಿ ಹಬ್ಬದ ಹಿಂದಿನ ದಿನದ ಎಂಟನೇ ಕ್ರಾಸು. ಬಾಳೆಕಂದು, ಮೊರದ ಬಾಗಿನ, ಮಣ್ಣಿನ ಗೌರಿ ಎಲ್ಲಾ ಒಂದೇ ಬೀದಿಯಲ್ಲಿ ಮುಗಿಯುತ್ತದೆ. ನಮ್ಮದು ಸ್ವಂತ ಮನೆ. ಅಣ್ಣತಮ್ಮಂದಿರು ಪಾಲು ಮಾಡಿಕೊಂಡು ಬಿಲ್ಡರಿಗೆ ಕೊಟ್ಟರು. 18 ತಿಂಗಳು ಅಂದದ್ದು 41 ತಿಂಗಳಾಯಿತು. ಅಷ್ಟೂ ದಿನ ನಾನು ಯಲಹಂಕದಲ್ಲಿ. ಸಾಮಾನು ಸಾಗಿಸಲು ಒಂದು ಸಲಕ್ಕೆ 14,500, ಹಾಗೆ ಮೂರು ಸಲ. ಅಜ್ಜಿಯ ಒರಳುಕಲ್ಲು ಎರಡನೇ ಸಲ ಎಲ್ಲೋ ಹೋಯಿತು. ಲಾರಿಯವನು ‘ಕಲ್ಲು ತಾನೇ’ ಅಂದ.

ಕಹಳೆಬಂಡೆ: ಪ್ರಶ್ನೆ ಬಸವನಗುಡಿ ಬಗ್ಗೆ.

ಎಂಟನೇ_ಕ್ರಾಸ್: ಮೊಳೆ ತೂತಿನ ಬಗ್ಗೆಯೂ ಯಾರೂ ಕೇಳಿರಲಿಲ್ಲ.

ಗುಡ್ಡದ_ಮೇಲೆ: ಹನುಮಂತನಗರ ಯಾರಿಗೂ ನೆನಪಾಗುವುದಿಲ್ಲ ಅಲ್ವಾ? ನಾನು ಕೊಡುವುದು 19,000. ಎರಡು ರೂಮು, ವಾರಕ್ಕೆ ಮೂರು ದಿನ ಕಾವೇರಿ, ಸಂಪ್ ದೊಡ್ಡದು. ಗಾಂಧಿ ಬಜಾರಿಗೆ ನಡೆದರೆ 20 ನಿಮಿಷ. ರಾಮಾಂಜನೇಯ ಗುಡ್ಡ ಪಕ್ಕದಲ್ಲೇ. ಕೆ.ಎಚ್. ಕಲಾಸೌಧದಲ್ಲಿ ನಾಟಕ ನೋಡಿ ಚಪ್ಪಲಿಯಲ್ಲೇ ಮನೆಗೆ ಬರುತ್ತೇನೆ. ಬಿ.ಪಿ. ವಾಡಿಯಾ ರಸ್ತೆಯ ವರ್ಲ್ಡ್ ಕಲ್ಚರ್ ಸಂಸ್ಥೆಯ ಲೈಬ್ರರಿಯಿಂದ ಮಗ ಪುಸ್ತಕ ತರುತ್ತಾನೆ. ‘ಬಸವನಗುಡಿ’ ಅಂತ ವಿಳಾಸ ಬರೆಯೋಕೆ ತಿಂಗಳಿಗೆ 13,000 ಜಾಸ್ತಿ ಕೊಡುವವರನ್ನು ಕಂಡರೆ ನಗು ಬರುತ್ತದೆ. ಏರು ಒಂದಿದೆ, ನಿಜ. ಗ್ಯಾಸ್ ಸಿಲಿಂಡರ್ ಹುಡುಗ ಗೊಣಗುತ್ತಾನೆ.

ಪರಿಷೆ_ಬೀದಿ: ನಾನು ಬುಲ್ ಟೆಂಪಲ್ ರಸ್ತೆಗೆ ತಾಗಿದ ಅಡ್ಡರಸ್ತೆಯವನು. ಕಾರ್ತಿಕದ ಕೊನೇ ಸೋಮವಾರದ ಕಡಲೆಕಾಯಿ ಪರಿಷೆ ಬಗ್ಗೆ ಎಲ್ಲರೂ ಕವಿಗಳಾಗುತ್ತಾರೆ. ಸುಂಕೇನಹಳ್ಳಿಯ ಕಡಲೆಕಾಯಿ ಮೇಯುತ್ತಿದ್ದ ಬಸವ, ಮೊದಲ ಬೆಳೆ ಅವನಿಗೇ ಅರ್ಪಣೆ, ಎಲ್ಲಾ ಸರಿ. ಆದರೆ ಆ ದಿನಗಳಲ್ಲಿ ನನ್ನ ಗೇಟು ತೆಗೆಯಲು ಆಗುವುದಿಲ್ಲ. ಹೋದ ಸಲ ಗೇಟಿನ ಮುಂದೆ ಪೀಪಿ ಮಾರುವವನು. ರಾತ್ರಿ 12ರವರೆಗೆ ಪೀಪಿ. ಬೆಳಿಗ್ಗೆ ಸಿಪ್ಪೆ ಗುಡಿಸಿದರೆ ಎರಡು ಗೋಣಿಚೀಲ. 2023ರಲ್ಲಿ ಗಾಂಧಿ ಬಜಾರ್ ರಸ್ತೆ ಅಗೆದು ಹಾಕಿದ್ದಾಗ ಹೂವಿಗೂ ಸುತ್ತಿ ಬಳಸಿ ಹೋಗಬೇಕಿತ್ತು. ಅದನ್ನು ಕಹಳೆಬಂಡೆಯವರು ಹೇಳಲೇ ಇಲ್ಲ.

ಕಹಳೆಬಂಡೆ: ಪರಿಷೆ ಬೇಡದವರು ಬುಲ್ ಟೆಂಪಲ್ ರಸ್ತೆಯಲ್ಲಿ ಯಾಕಿರಬೇಕು? ಬಿಟ್ಟುಕೊಡಿ, ಆ ಮನೆಗೆ ನಾನು ಬರುತ್ತೇನೆ.

ಪರಿಷೆ_ಬೀದಿ: ನಮ್ಮ ತಾತ ಕಟ್ಟಿಸಿದ ಮನೆ ಕಣ್ರೀ. ನಿಮಗೆ ಕೊಡೋಕೆ ಕಟ್ಟಿಸಿದ್ದಲ್ಲ.

ಹಾಸನದ_ಸೊಸೆ: ಎಲ್ಲರಿಗೂ ಥ್ಯಾಂಕ್ಸ್. 22 ಮೆಟ್ಟಿಲಿನ ಬಗ್ಗೆ ಯಾರಾದರೂ ಹೇಳ್ತೀರಾ? ಅತ್ತೆ ದಿನಕ್ಕೆ ಒಂದು ಸಲ ಇಳಿದು ಹತ್ತಬಲ್ಲರು, ಎರಡನೇ ಸಲ ಕಷ್ಟ.

ಸೈಟ್_ನಂ_47: ನಮ್ಮಲ್ಲಿ ಲಿಫ್ಟ್ ಇದೆ ಮೇಡಂ. ಇಳಿದು ಹೋಗೋಕೆ ಜಾಗ ಇಲ್ಲ.

ಗುಡ್ಡದ_ಮೇಲೆ: ಪರಿಷೆಯಲ್ಲಿ ಹಸಿ ಕಡಲೆಕಾಯಿ ತಂದು ಬೇಯಿಸುವವರು ಉಪ್ಪು ಮೊದಲೇ ಹಾಕಬೇಡಿ. ಬೆಂದ ಮೇಲೆ ಹಾಕಿ ಅರ್ಧ ಗಂಟೆ ನೀರಲ್ಲೇ ಬಿಡಿ.

ಎಂಟನೇ_ಕ್ರಾಸ್: ಯಾರು ಹೇಳಿದ್ದು? ಉಪ್ಪು ಮೊದಲೇ, ಕುಕ್ಕರ್ ನಾಲ್ಕು ಕೂಗು. ನಮ್ಮ ಅಜ್ಜಿ ಹೀಗೇ ಮಾಡುತ್ತಿದ್ದರು.

ಗುಡ್ಡದ_ಮೇಲೆ: ನಿಮ್ಮ ಅಜ್ಜಿ ಕಾಲದಲ್ಲಿ ಕುಕ್ಕರ್ ಎಲ್ಲಿತ್ತು ಮೇಡಂ, ಒರಳುಕಲ್ಲು ತಾನೇ ಇದ್ದದ್ದು?